ಐರ್ಲೆಂಡಿನ ಡಿ ವೆಲೆರಾ

ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಪತ್ರಿಕೆ ಓದುವ ಅಭ್ಯಾಸವಿದ್ದ ನಮ್ಮ ಹಿರಿಯರಿಗೆ ಐರ್ಲೆಂಡು ದೂರದ ದೇಶವಾಗಿರಲಿಲ್ಲ. ಇಂಗ್ಲೆಂಡಿನ ಮಗ್ಗುಲಲ್ಲೇ ಇದ್ದು, ಇಂಗ್ಲಿಷರ ಆಳ್ವಿಕೆಯನ್ನು ನಮಗಿಂತ ಎಷ್ಟೋ ಮೊದಲು ಕಂಡು, ನಮಗಿಂತ ಮೊದಲೇ ಅದನ್ನು ಕಳಚಿಕೊಂಡ ದೇಶ ಅದು. ಅಲ್ಲಿಯ ನಾಯಕರಲ್ಲಿ ಎದ್ದು ಕಾಣುವ ಹೆಸರು ಏಮನ್ ಡಿ ವೆಲೆರಾ ಅವರದು. ಆರಡಿಗೂ ಮಿಕ್ಕ ಎತ್ತರ, ತೆಳ್ಳನೆಯ ದೇಹ, ಕನ್ನಡಕ, ಗಣಿತದ ಮೇಷ್ಟರ ಗಾಂಭೀರ್ಯ. ಇಷ್ಟು ಹೇಳಿದರೆ ಅವರ ಚಿತ್ರ ಕಣ್ಣ ಮುಂದೆ ನಿಲ್ಲುತ್ತದೆ.

ಅವರು ಬಂದೂಕು ಹಿಡಿದುದು, ಗಲ್ಲು ತಪ್ಪಿದುದು, ಸೆರೆಮನೆಯಿಂದ ಪಾರಾದುದು ಇವೆಲ್ಲ ಸಾಹಸದ ಕಥೆಗಳು. ಆದರೆ ಅವರ ಬಾಳಿನಲ್ಲಿ ಹೆಚ್ಚು ಯೋಚನೆಗೆ ಹಚ್ಚುವ ಪ್ರಸಂಗ ಬೇರೆಯದು. ಅದು 1948ರ ಫೆಬ್ರವರಿ 4ರಂದು ನಡೆದ ಚುನಾವಣೆ. ಹದಿನಾರು ವರ್ಷ ಒಂದೇ ಸಮನೆ ದೇಶವನ್ನಾಳಿದ ಡಿ ವೆಲೆರಾ ಆ ಚುನಾವಣೆಯಲ್ಲಿ ಅಧಿಕಾರವನ್ನು ಕಳೆದುಕೊಂಡರು. ಹಿಂದೆ ಒಮ್ಮೆ ಕೇವಲ ಏಳು ಮತಗಳ ಸೋಲನ್ನು ಒಪ್ಪದೆ ಹೋಗಿದ್ದ ವ್ಯಕ್ತಿ, ಈ ಸಲ ಸೋಲನ್ನು ಹೇಗೆ ಒಪ್ಪಿಕೊಂಡರು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಜ್ಜಿಯ ಮನೆಯ ಹುಡುಗ

ಐರ್ಲೆಂಡಿನ ಈ ನಾಯಕ ಹುಟ್ಟಿದುದು ಐರ್ಲೆಂಡಿನಲ್ಲಲ್ಲ, ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ, 1882ರ ಅಕ್ಟೋಬರ್ 14ರಂದು. ತಂದೆ ಸ್ಪೇನ್ ಮೂಲದವನು. ತಾಯಿ ಕ್ಯಾಥರೀನ್ ಕೋಲ್, ಹೊಟ್ಟೆಪಾಡಿಗಾಗಿ ಲಿಮರಿಕ್ ಸೀಮೆಯ ಬ್ರೂರೀ ಎಂಬ ಹಳ್ಳಿಯಿಂದ ಅಮೆರಿಕಕ್ಕೆ ಹೋದವಳು. ತಂದೆ ಬೇಗ ಕಣ್ಮರೆಯಾದುದರಿಂದ ತಾಯಿ ದುಡಿಮೆಗೆ ನಿಲ್ಲಬೇಕಾಯಿತು. ಮಗು ಎರಡು ವರ್ಷ ದಾಟಿದೊಡನೆ, 1885ರಲ್ಲಿ, ಸೋದರಮಾವನೊಬ್ಬ ಅದನ್ನು ಹಡಗಿನಲ್ಲಿ ಕರೆದುಕೊಂಡು ಬಂದು ಬ್ರೂರೀಯಲ್ಲಿ ಅಜ್ಜಿಯ ಮಡಿಲಿಗೆ ಹಾಕಿದನು. ತಾಯಿ ಅಮೆರಿಕದಲ್ಲೇ ಉಳಿದಳು. ಕೂಲಿಕಾರರಿಗಾಗಿ ಕಟ್ಟಿಸಿದ್ದ ಪುಟ್ಟ ಮನೆಯೊಂದರಲ್ಲಿ ಹುಡುಗ ಬೆಳೆದನು.

ಓದಿನಲ್ಲಿ ಚುರುಕಾಗಿದ್ದ ಹುಡುಗ ಏಳು ಮೈಲಿ ದೂರದ ಚಾರ್ಲ್‌ವಿಲ್ ಪಟ್ಟಣದ ಶಾಲೆಗೆ ಸೇರಿದನು. ಅನೇಕ ದಿನ ಆ ದಾರಿಯನ್ನು ನಡೆದೇ ಸವೆಸಬೇಕಾಗುತ್ತಿತ್ತು. 1898ರಲ್ಲಿ ವಿದ್ಯಾರ್ಥಿವೇತನ ದೊರೆತು ಡಬ್ಲಿನ್ ಬಳಿಯ ಬ್ಲ್ಯಾಕ್‌ರಾಕ್ ಕಾಲೇಜನ್ನು ಸೇರಿ, 1904ರಲ್ಲಿ ಪದವೀಧರನಾಗಿ ಗಣಿತದ ಉಪಾಧ್ಯಾಯನಾದನು. ಗಣಿತದ ಮೇಲಿನ ಪ್ರೀತಿ ಡಿ ವೆಲೆರಾ ಅವರಿಗೆ ಕೊನೆಯವರೆಗೂ ಉಳಿದಿತ್ತು. 1940ರಲ್ಲಿ ಅವರ ಸರ್ಕಾರವೇ ಡಬ್ಲಿನ್‌ನಲ್ಲಿ ಉನ್ನತ ಅಧ್ಯಯನ ಸಂಸ್ಥೆಯೊಂದನ್ನು ಸ್ಥಾಪಿಸಿ, ಹಿಟ್ಲರನ ಕಾಟದಿಂದ ದೇಶ ಬಿಟ್ಟಿದ್ದ ಭೌತಶಾಸ್ತ್ರಜ್ಞ ಷ್ರೋಡಿಂಗರ್ ಅವರಿಗೆ ನೆಲೆ ಕೊಟ್ಟಿತು.

ಇನ್ನೊಂದು ಪ್ರೀತಿ ಭಾಷೆಯದು. ಇಂಗ್ಲಿಷಿನ ಒತ್ತಡದಲ್ಲಿ ಐರಿಷ್ ನುಡಿ ಪಶ್ಚಿಮ ಕರಾವಳಿಯ ಬಡ ಹಳ್ಳಿಗಳಿಗೆ ಸರಿದು ಹೋಗಿದ್ದ ಕಾಲ ಅದು. ಡಿ ವೆಲೆರಾ ಅವರಿಗೂ ಮನೆಮಾತು ಇಂಗ್ಲಿಷೇ. 1908ರಲ್ಲಿ, ಇಪ್ಪತ್ತಾರರ ಹೊಸ್ತಿಲಲ್ಲಿದ್ದಾಗ, ಅವರು ಗೇಲಿಕ್ ಲೀಗ್ ಎಂಬ ಭಾಷಾಸಂಘವನ್ನು ಸೇರಿ ತಮ್ಮ ದೇಶದ ನುಡಿಯನ್ನು ಅಕ್ಷರದಿಂದ ಕಲಿಯತೊಡಗಿದರು. ಕಲಿಸುತ್ತಿದ್ದವರು ಶಿನೇಡ್ ಫ್ಲಾನಗನ್ ಎಂಬ ಉಪಾಧ್ಯಾಯಿನಿ. 1910ರ ಜನವರಿಯಲ್ಲಿ ಗುರುವನ್ನೇ ಶಿಷ್ಯ ಮದುವೆಯಾದರು. ಊರು ಬಿಟ್ಟು ಬಂದು, ಭಾನುವಾರದ ತರಗತಿಯಲ್ಲಿ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುವ ನಮ್ಮಂಥವರಿಗೆ ಈ ಪ್ರಸಂಗ ಪ್ರಿಯವಾದೀತು.

ಬಂಡಾಯ ಮತ್ತು ಸೆರೆಮನೆ

1916ರ ಏಪ್ರಿಲ್ 24ರಂದು, ಈಸ್ಟರ್ ಹಬ್ಬದ ಸೋಮವಾರ, ಡಬ್ಲಿನ್‌ನಲ್ಲಿ ಬ್ರಿಟಿಷರ ವಿರುದ್ಧ ಬಂಡಾಯವೆದ್ದಿತು. ಬೋಲಂಡ್ ಎಂಬ ಬ್ರೆಡ್ಡಿನ ಕಾರ್ಖಾನೆಯಲ್ಲಿ ನೆಲೆಯೂರಿದ ತುಕಡಿಗೆ ಡಿ ವೆಲೆರಾ ದಳಪತಿ. ಒಂದು ವಾರದಲ್ಲೇ ಬಂಡಾಯ ಮುರಿದು ಬಿತ್ತು. ನಾಯಕರನ್ನು ಒಬ್ಬೊಬ್ಬರನ್ನಾಗಿ ಗುಂಡಿಟ್ಟು ಕೊಂದರು. ಡಿ ವೆಲೆರಾ ಅವರಿಗೂ ಮರಣದಂಡನೆ ವಿಧಿಸಲಾಯಿತು, ಆದರೆ ಅದು ಜೀವಾವಧಿ ಶಿಕ್ಷೆಗೆ ಇಳಿಯಿತು. ಅಮೆರಿಕದಲ್ಲಿ ಹುಟ್ಟಿದುದು ಅವರನ್ನು ಉಳಿಸಿತೆಂದು ಕೆಲವರೂ, ಕೊಲೆಗಳನ್ನು ಕಂಡು ಜನ ರೊಚ್ಚಿಗೆದ್ದುದರಿಂದ ಸರ್ಕಾರ ಕೈ ತಡೆಯಿತೆಂದು ಕೆಲವರೂ ಹೇಳುತ್ತಾರೆ.

1917ರ ಜೂನಿನಲ್ಲಿ ಬಿಡುಗಡೆಯಾಗಿ ಬಂದವರು ಮರು ತಿಂಗಳೇ ಪೂರ್ವ ಕ್ಲೇರ್ ಕ್ಷೇತ್ರದ ಉಪಚುನಾವಣೆಯಲ್ಲಿ ನಿಂತರು. ಅವರಿಗೆ 5,010 ಓಟು, ಎದುರಾಳಿಗೆ 2,035. 1918ರ ಡಿಸೆಂಬರಿನ ಮಹಾಚುನಾವಣೆಯಲ್ಲಿ ಅವರ ಶಿನ್ ಫೇನ್ ಪಕ್ಷ ಐರ್ಲೆಂಡಿನ 105 ಸ್ಥಾನಗಳಲ್ಲಿ 73ನ್ನು ಗೆದ್ದಿತು. ಗೆದ್ದವರು ಲಂಡನ್ನಿನ ಪಾರ್ಲಿಮೆಂಟಿಗೆ ಹೋಗದೆ ಡಬ್ಲಿನ್‌ನಲ್ಲೇ ಡಾಯಿಲ್ ಎಂಬ ತಮ್ಮ ಸಭೆಯನ್ನು ಕೂಡಿಸಿದರು. ಆ ವೇಳೆಗೆ ಡಿ ವೆಲೆರಾ ಇಂಗ್ಲೆಂಡಿನ ಲಿಂಕನ್ ಸೆರೆಮನೆಯಲ್ಲಿದ್ದರು. ಅಲ್ಲಿಯ ಪಾದ್ರಿಯ ಬೀಗದ ಕೈಯ ಅಚ್ಚನ್ನು ಪೂಜಾಮಂದಿರದ ಮೇಣದಲ್ಲಿ ತೆಗೆದು ಅದರ ಚಿತ್ರವನ್ನು ಹೊರಕ್ಕೆ ಕಳಿಸಲಾಯಿತು. ಹೊರಗಿನಿಂದ ಕೇಕುಗಳ ಒಳಗೆ ಕೀಲಿಕೈಗಳು ಬಂದವು. 1919ರ ಫೆಬ್ರವರಿ 3ರ ರಾತ್ರಿ ಡಿ ವೆಲೆರಾ ಬಾಗಿಲು ತೆಗೆದು ಹೊರನಡೆದರು.

ಅಲ್ಲಿಂದ ಅಮೆರಿಕಕ್ಕೆ ಹೋಗಿ ಒಂದೂವರೆ ವರ್ಷ ತಮ್ಮ ದೇಶಕ್ಕಾಗಿ ಹಣ ಮತ್ತು ಬೆಂಬಲ ಕೂಡಿಸಿದರು. 1920ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಭಾರತದ ಸ್ವಾತಂತ್ರ್ಯದ ಮಿತ್ರರ ಸಂಘದವರು ಕರೆದ ಸಭೆಯಲ್ಲಿ ಅವರು ಭಾರತ ಮತ್ತು ಐರ್ಲೆಂಡುಗಳದು ಒಂದೇ ಹೋರಾಟವೆಂಬ ಅರ್ಥದಲ್ಲಿ ಭಾಷಣ ಮಾಡಿದುದನ್ನು ಭಾರತೀಯರು ಮರೆಯುವಂತಿಲ್ಲ.

ಏಳು ಮತಗಳು

1921ರ ಡಿಸೆಂಬರ್ 6ರಂದು ಲಂಡನ್ನಿನಲ್ಲಿ ಒಪ್ಪಂದವಾಯಿತು. ದ್ವೀಪದ 32 ಜಿಲ್ಲೆಗಳಲ್ಲಿ 26ಕ್ಕೆ ಸ್ವಯಮಾಡಳಿತ ದೊರೆಯಿತು. ಉತ್ತರದ 6 ಜಿಲ್ಲೆಗಳು ಬ್ರಿಟನ್ನಿನಲ್ಲೇ ಉಳಿದವು. ಸಭಾಸದಸ್ಯರು ಇಂಗ್ಲೆಂಡಿನ ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂಬ ಷರತ್ತೂ ಇತ್ತು. ಸಂಧಾನಕ್ಕೆ ಹೋಗಿದ್ದ ಮೈಕೆಲ್ ಕಾಲಿನ್ಸ್ ಮೊದಲಾದವರು ಸದ್ಯಕ್ಕೆ ಇಷ್ಟಾದರೂ ದಕ್ಕಲಿ ಎಂದರು. ಡಬ್ಲಿನ್‌ನಲ್ಲೇ ಉಳಿದಿದ್ದ ಡಿ ವೆಲೆರಾ ಇದು ಗಣರಾಜ್ಯಕ್ಕೆ ಬಗೆದ ದ್ರೋಹವೆಂದರು. 1922ರ ಜನವರಿ 7ರಂದು ಡಾಯಿಲ್ ಮತ ಹಾಕಿತು. ಒಪ್ಪಂದದ ಪರ 64, ವಿರುದ್ಧ 57.

ಏಳು ಮತಗಳ ಅಂತರ. ಸೋತ ಪಕ್ಷದ ಮುಂದಾಳು ಡಿ ವೆಲೆರಾ. ಬಹುಮತವೂ ತಪ್ಪು ಮಾಡಬಹುದು, ತಪ್ಪು ಮಾಡುವ ಹಕ್ಕು ಅದಕ್ಕಿಲ್ಲ ಎಂಬುದು ಅಂದು ಅವರ ವಾದ. ಅದೇ ಜೂನಿನ ಚುನಾವಣೆಯಲ್ಲಿ ಜನರೂ ಒಪ್ಪಂದದ ಕಡೆಗೇ ಹೆಚ್ಚಿನ ಒಲವು ತೋರಿದರು. ಆ ತಿಂಗಳ 28ರಂದು ಅಂತರ್ಯುದ್ಧ ಮೊದಲಾಯಿತು. ನಿನ್ನೆಯವರೆಗೆ ಒಂದೇ ಬಂಕರಿನಲ್ಲಿದ್ದವರು ಒಬ್ಬರನ್ನೊಬ್ಬರು ಕೊಂದರು. ಆಗಸ್ಟಿನಲ್ಲಿ ಕಾಲಿನ್ಸ್ ಗುಂಡಿಗೆ ಬಲಿಯಾದರು. ಹೊಸ ಸರ್ಕಾರ ಸೆರೆಸಿಕ್ಕ 70ಕ್ಕೂ ಹೆಚ್ಚು ಮಂದಿಯನ್ನು ಗುಂಡಿಟ್ಟು ಕೊಂದಿತು. 1923ರ ಮೇ ತಿಂಗಳಲ್ಲಿ ಹೋರಾಟ ನಿಂತಿತು, ಹಗೆ ನಿಲ್ಲಲಿಲ್ಲ. ಈ ಅನರ್ಥಕ್ಕೆ ಡಿ ವೆಲೆರಾ ಒಬ್ಬರೇ ಕಾರಣರೆಂದರೆ ಅನ್ಯಾಯವಾದೀತು. ಬಂದೂಕು ಹಿಡಿದ ಗುಂಪುಗಳು ಅವರ ಮಾತನ್ನು ಕೇಳುವ ಸ್ಥಿತಿಯಲ್ಲಿಯೂ ಇರಲಿಲ್ಲ. ಆದರೆ ಸೋಲನ್ನು ಸೋಲೆಂದು ಒಪ್ಪದ ಅವರ ನಿಲುವು ಆ ಬೆಂಕಿಗೆ ತುಪ್ಪವಾಯಿತೆಂಬುದನ್ನು ಅವರ ಅಭಿಮಾನಿಗಳೂ ಅಲ್ಲಗಳೆಯಲಾರರು.

ಮತ್ತೊಮ್ಮೆ ಸೆರೆಮನೆ, ಮತ್ತೊಮ್ಮೆ ಬಿಡುಗಡೆ. 1926ರಲ್ಲಿ ಡಿ ವೆಲೆರಾ ಹಳೆಯ ಸಂಗಡಿಗರನ್ನು ಬಿಟ್ಟು ಫಿಯನ ಫಾಲ್ ಎಂಬ ಹೊಸ ಪಕ್ಷ ಕಟ್ಟಿದರು. 1927ರ ಆಗಸ್ಟಿನಲ್ಲಿ ಡಾಯಿಲ್ ಪ್ರವೇಶಿಸಿದರು. ಅಷ್ಟು ರಕ್ತ ಹರಿಸಿದ ಆ ಪ್ರಮಾಣದ ಪುಸ್ತಕಕ್ಕೆ, ಬೈಬಲನ್ನು ಪಕ್ಕಕ್ಕೆ ಸರಿಸಿ, ಇದು ಬರಿಯ ಸಹಿ ಎಂದುಕೊಂಡು ರುಜು ಹಾಕಿದರು. ಐದು ವರ್ಷ ಮೊದಲೇ ಹೀಗೆ ಮಾಡಿದ್ದರೆ ಎಷ್ಟು ಜೀವ ಉಳಿಯುತ್ತಿತ್ತು ಎಂದು ವಿರೋಧಿಗಳು ಕೇಳಿದರು. ಆ ಪ್ರಶ್ನೆಗೆ ಸುಲಭವಾದ ಉತ್ತರವಿಲ್ಲ.

1932ರ ಚುನಾವಣೆಯಲ್ಲಿ ಫಿಯನ ಫಾಲ್ ಎಲ್ಲರಿಗಿಂತ ದೊಡ್ಡ ಪಕ್ಷವಾಗಿ ಬಂದಿತು. ಅಂತರ್ಯುದ್ಧದಲ್ಲಿ ಗೆದ್ದಿದ್ದ ಕಾಸ್‌ಗ್ರೇವ್ ಅವರ ಸರ್ಕಾರ ಸೋತವರ ಕೈಗೆ ಅಧಿಕಾರ ಕೊಟ್ಟೀತೇ ಎಂಬ ಸಂಶಯ ಎಲ್ಲೆಡೆ ಇತ್ತು. ಹೊಸ ಸದಸ್ಯರಲ್ಲಿ ಕೆಲವರು ಜೇಬಿನಲ್ಲಿ ಪಿಸ್ತೂಲು ಇಟ್ಟುಕೊಂಡೇ ಸಭೆಗೆ ಬಂದಿದ್ದರೆಂಬ ಪ್ರತೀತಿ ಇದೆ. ಆದರೆ ಏನೂ ನಡೆಯಲಿಲ್ಲ. ಕಾಸ್‌ಗ್ರೇವ್ ಸೋಲನ್ನೊಪ್ಪಿ ಎದುರು ಸಾಲಿಗೆ ಹೋಗಿ ಕುಳಿತರು. ಡಿ ವೆಲೆರಾ ಅವರಿಗೆ ದೊರೆತ ದೊಡ್ಡ ಪಾಠ ಪ್ರಾಯಶಃ ಇದೇ, ಮತ್ತು ಅದನ್ನು ಕಲಿಸಿದವರು ಅವರ ಶತ್ರು.

ಹದಿನಾರು ವರ್ಷ

ಅಧಿಕಾರಕ್ಕೆ ಬಂದ ಡಿ ವೆಲೆರಾ ದೊರೆಯ ಪ್ರಮಾಣವನ್ನು ತೆಗೆದುಹಾಕಿದರು. 1937ರಲ್ಲಿ ಹೊಸ ಸಂವಿಧಾನವನ್ನು ಜನರ ಓಟಿಗಿಟ್ಟು ಜಾರಿಗೆ ತಂದರು. 1938ರಲ್ಲಿ ಬ್ರಿಟಿಷರ ಕೈಯಲ್ಲುಳಿದಿದ್ದ ಬಂದರುಗಳನ್ನು ಮಾತುಕತೆಯಿಂದ ಮರಳಿ ಪಡೆದರು. ಎರಡನೆಯ ಮಹಾಯುದ್ಧದಲ್ಲಿ ದೇಶವನ್ನು ತಟಸ್ಥವಾಗಿರಿಸಿದರು. ಹಿಟ್ಲರ್ ಸತ್ತಾಗ ಜರ್ಮನ್ ರಾಯಭಾರಿಯ ಬಳಿಗೆ ಹೋಗಿ ಸಂತಾಪ ಸೂಚಿಸಿದುದು ಮಾತ್ರ ಅವರ ಹೆಸರಿಗೆ ಅಂಟಿದ ಕಲೆಯಾಗಿ ಉಳಿಯಿತು. 1932ರಿಂದ 1944ರವರೆಗೆ ಆರು ಮಹಾಚುನಾವಣೆಗಳು ನಡೆದವು. ಆರರ ನಂತರವೂ ಅವರೇ ಪ್ರಧಾನಿ.

ಅವರ ಸಂವಿಧಾನಕ್ಕೂ ನಮ್ಮ ಸಂವಿಧಾನಕ್ಕೂ ನಂಟಿದೆ. ನಮ್ಮ ರಾಜ್ಯನೀತಿಯ ನಿರ್ದೇಶಕ ತತ್ತ್ವಗಳ ಮಾದರಿ ಅಲ್ಲಿಂದ ಬಂದುದು. ನಮ್ಮ ಸಂವಿಧಾನಸಭೆಗೆ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗರಾಯರು ಹುಟ್ಟಿದ್ದು ಮಂಗಳೂರಿನಲ್ಲಿ. 1947ರ ಕೊನೆಯಲ್ಲಿ ಅವರು ಹಲವು ದೇಶಗಳ ಸಂವಿಧಾನಗಳನ್ನು ಅಭ್ಯಾಸ ಮಾಡಲು ಪ್ರವಾಸ ಹೊರಟವರು ಡಬ್ಲಿನ್‌ನಲ್ಲಿ ಡಿ ವೆಲೆರಾ ಅವರನ್ನು ಕಂಡರು. ಆಗ ಡಿ ವೆಲೆರಾ ಕೊಟ್ಟ ಸಲಹೆ ಸ್ವಾರಸ್ಯವಾಗಿದೆ. ತಮ್ಮ ಸಂವಿಧಾನವನ್ನು ಮತ್ತೆ ಬರೆಯುವುದಾದರೆ ಐರ್ಲೆಂಡಿನ ಓಟಿನ ಪದ್ಧತಿಯನ್ನು ಕೈಬಿಟ್ಟು, ಗಟ್ಟಿ ಸರ್ಕಾರ ಕೊಡುವ ಇಂಗ್ಲಿಷ್ ಪದ್ಧತಿಯನ್ನೇ ತರುವುದಾಗಿ ಅವರು ತಿಳಿಸಿದರು. ಕೆಲವೇ ವಾರಗಳಲ್ಲಿ ಆ ಓಟಿನ ಪದ್ಧತಿಯೇ ಅವರನ್ನು ಅಧಿಕಾರದಿಂದ ಇಳಿಸಲಿದ್ದಿತು.

ಪೆನ್ಸಿಲಿನ ಲೆಕ್ಕ

ಆ ಪದ್ಧತಿಯನ್ನು ತುಸು ವಿವರಿಸಬೇಕು. ನಾವು ಲೋಕಸಭೆಗೆ ಓಟು ಹಾಕುವಾಗ ಒಬ್ಬ ಅಭ್ಯರ್ಥಿಯನ್ನು ಮಾತ್ರ ಆರಿಸುತ್ತೇವೆ. ಐರ್ಲೆಂಡಿನಲ್ಲಿ ಒಂದು ಕ್ಷೇತ್ರದಿಂದ ಮೂವರು, ನಾಲ್ವರು ಅಥವಾ ಐವರು ಆಯ್ಕೆಯಾಗುತ್ತಾರೆ. ಮತದಾರ ಅಭ್ಯರ್ಥಿಗಳ ಹೆಸರಿನ ಮುಂದೆ ತನ್ನ ಇಷ್ಟದ ಕ್ರಮದಲ್ಲಿ 1, 2, 3 ಎಂದು ಅಂಕಿ ಬರೆಯುತ್ತಾನೆ. ಗೆಲ್ಲಲು ಬೇಕಾದ ಓಟಿಗೆ ಲೆಕ್ಕವಿದೆ. ಸರಿಯಾದ ಓಟುಗಳ ಮೊತ್ತವನ್ನು ಸ್ಥಾನಗಳ ಸಂಖ್ಯೆಗೆ ಒಂದು ಕೂಡಿಸಿ ಭಾಗಿಸಬೇಕು, ಬಂದುದಕ್ಕೆ ಇನ್ನೊಂದು ಸೇರಿಸಬೇಕು. 20,000 ಓಟು, ಮೂರು ಸ್ಥಾನವಾದರೆ ನಾಲ್ಕರಿಂದ ಭಾಗಿಸಿ 5,000, ಅದಕ್ಕೆ ಒಂದು ಸೇರಿ 5,001. ಇದನ್ನು ಮೀರಿ ಬಂದ ಹೆಚ್ಚುವರಿ ಓಟು ವ್ಯರ್ಥವಾಗದೆ ಮುಂದಿನ ಅಂಕಿಯವನಿಗೆ ಹೋಗುತ್ತದೆ. ಎಲ್ಲರಿಗಿಂತ ಕಡಮೆ ಬಂದವನನ್ನು ಕೈಬಿಟ್ಟಾಗ ಅವನ ಓಟೂ ಹಾಗೆಯೇ ವರ್ಗವಾಗುತ್ತದೆ. ಬ್ಯಾಂಕಿನಲ್ಲಿ ದಿನವೂ ಒಂದು ಖಾತೆಯಿಂದ ಇನ್ನೊಂದಕ್ಕೆ ಹಣ ವರ್ಗಾಯಿಸುವ ನನ್ನಂಥವನಿಗೆ ಇದು ಚೆನ್ನಾಗಿ ಅರ್ಥವಾಗುವ ಲೆಕ್ಕ: ಕೊನೆಗೆ ಒಂದೊಂದು ಚೀಟಿಯೂ ತಾಳೆಯಾಗಬೇಕು. ನಮ್ಮಲ್ಲಿಯೂ ರಾಷ್ಟ್ರಪತಿಯ ಆಯ್ಕೆಗೆ, ರಾಜ್ಯಸಭೆಯ ಚುನಾವಣೆಗೆ ಇದೇ ಬಗೆಯ ಪದ್ಧತಿ ಇದೆ.

ಕ್ಷೇತ್ರದಲ್ಲಿ ಸ್ಥಾನಗಳು ಹೆಚ್ಚಿದ್ದಷ್ಟೂ ಸಣ್ಣ ಪಕ್ಷಗಳಿಗೆ ಅನುಕೂಲ, ಕಡಮೆಯಾದಷ್ಟೂ ದೊಡ್ಡ ಪಕ್ಷಕ್ಕೆ ಲಾಭ. ಇದನ್ನು ಗಣಿತದ ಮೇಷ್ಟರು ಅರಿಯದಿರುವರೇ? 1947ರಲ್ಲಿ ಅವರ ಸರ್ಕಾರ ಕ್ಷೇತ್ರಗಳನ್ನು ಹೊಸದಾಗಿ ಹಂಚಿತು. ಡಾಯಿಲ್‌ನ ಸ್ಥಾನಗಳು 138ರಿಂದ 147ಕ್ಕೇರಿದವು. ಮೂರು ಸ್ಥಾನದ ಕ್ಷೇತ್ರಗಳು 15ರಿಂದ 22ಕ್ಕೇರಿದವು. ಏಳು ಸ್ಥಾನದ ಮೂರು ದೊಡ್ಡ ಕ್ಷೇತ್ರಗಳು ಮಾಯವಾದವು.

ಇಷ್ಟು ಎಚ್ಚರಿಕೆಗೆ ಕಾರಣವಿತ್ತು. ಯುದ್ಧ ಮುಗಿದರೂ ಜನರ ಕಷ್ಟ ಮುಗಿದಿರಲಿಲ್ಲ. 1946ರಲ್ಲಿ ಮಳೆಯಿಂದ ಬೆಳೆ ಕೆಟ್ಟು, 1947ರ ಜನವರಿಯಲ್ಲಿ ಬ್ರೆಡ್ಡಿಗೂ ರೇಷನ್ ಬಂದಿತು. ಅದರ ಬೆನ್ನಿಗೇ ಭೀಕರ ಹಿಮ, ಕಲ್ಲಿದ್ದಲಿನ ಅಭಾವ. ಬೆಲೆಗಳು ಏರಿದವು, ಸಂಬಳಗಳು ನಿಂತಲ್ಲೇ ನಿಂತವು. ಡಬ್ಲಿನ್‌ನ ಪ್ರಾಥಮಿಕ ಶಾಲೆಯ ಉಪಾಧ್ಯಾಯರು 1946ರಲ್ಲಿ ಏಳು ತಿಂಗಳು ಮುಷ್ಕರ ಹೂಡಿ ಬರಿಗೈಯಲ್ಲಿ ಹಿಂದಿರುಗಿದ್ದರು. ಒಂದು ಕಾಲದ ಮೇಷ್ಟರ ಸರ್ಕಾರವೇ ಮೇಷ್ಟರಿಗೆ ಹೀಗೆ ಮಾಡಿತಲ್ಲ ಎಂಬ ನೋವು ಅವರಲ್ಲಿ ಉಳಿದಿತ್ತು.

ಈ ಅಸಮಾಧಾನವನ್ನು ಕೂಡಿಸಲು ಒಬ್ಬ ನಾಯಕ ಮುಂದೆ ಬಂದರು. ಅವರು ಷಾನ್ ಮ್ಯಾಕ್‌ಬ್ರೈಡ್. ಅವರ ತಂದೆ 1916ರಲ್ಲಿ ಬ್ರಿಟಿಷರ ಗುಂಡಿಗೆ ಬಲಿಯಾದವರು. ಸ್ವತಃ ಅವರೂ ಒಂದು ಕಾಲದಲ್ಲಿ ಐರಿಷ್ ಗಣರಾಜ್ಯ ಸೇನೆಯ ಮುಖ್ಯಸ್ಥರಾಗಿದ್ದವರು. 1946ರಲ್ಲಿ ಅವರು ಕ್ಲಾನ್ ನ ಪೊಬ್ಲಕ್ತ ಎಂಬ ಪಕ್ಷವನ್ನು ಕಟ್ಟಿದರು. 1947ರ ಅಕ್ಟೋಬರಿನಲ್ಲಿ ನಡೆದ ಮೂರು ಉಪಚುನಾವಣೆಗಳಲ್ಲಿ ಎರಡನ್ನು ಈ ಪಕ್ಷವೇ ಗೆದ್ದಿತು. ಎಳೆಯ ಪಕ್ಷ ಬಲಿಯುವ ಮೊದಲೇ ಅದನ್ನು ಎದುರಿಸಬೇಕೆಂದು, ಡಾಯಿಲ್‌ನ ಅವಧಿ ಒಂದು ವರ್ಷಕ್ಕೂ ಹೆಚ್ಚು ಉಳಿದಿದ್ದರೂ, ಡಿ ವೆಲೆರಾ ಚುನಾವಣೆ ಸಾರಿದರು.

ಅವರ ಲೆಕ್ಕದಲ್ಲಿ ಅರ್ಧ ಸರಿಯಾಯಿತು. 93 ಮಂದಿಯನ್ನು ನಿಲ್ಲಿಸಿದ್ದ ಮ್ಯಾಕ್‌ಬ್ರೈಡ್ ಪಕ್ಷ, ನೂರಕ್ಕೆ ಹದಿಮೂರು ಓಟು ಪಡೆದರೂ 10 ಸ್ಥಾನಗಳಿಗೇ ನಿಂತಿತು. ನೂರಕ್ಕೆ ಸುಮಾರು 42 ಓಟು ಪಡೆದ ಫಿಯನ ಫಾಲ್‌ಗೆ 68 ಸ್ಥಾನ. ಆದರೆ ಬಹುಮತಕ್ಕೆ 74 ಬೇಕು. ಆರು ಕಡಮೆ. ಫೀನ ಗೇಲ್ 31, ಲೇಬರ್ 14, ರೈತರ ಪಕ್ಷ 7, ಲೇಬರಿನಿಂದ ಒಡೆದ ನ್ಯಾಷನಲ್ ಲೇಬರ್ 5, ಪಕ್ಷೇತರರು 12. ಇವರು ಒಬ್ಬರ ಮುಖ ಒಬ್ಬರು ನೋಡದವರು. ಕೂಡಿ ಸರ್ಕಾರ ಮಾಡುವರೆಂದು ಯಾರೂ ನಂಬಿರಲಿಲ್ಲ. ನ್ಯಾಷನಲ್ ಲೇಬರಿನ ಐವರು ಡಿ ವೆಲೆರಾ ಅವರ ಕೈ ಹಿಡಿಯುವರೆಂದೇ ಅನೇಕರು ಎಣಿಸಿದ್ದರು.

ಆದರೆ ಅವರು ಕೂಡಿದರು. ದೊಡ್ಡ ಅಡ್ಡಿಯೊಂದಿತ್ತು. ಫೀನ ಗೇಲ್ ಮುಖಂಡ ರಿಚರ್ಡ್ ಮಲ್ಕಾಹಿ ಅಂತರ್ಯುದ್ಧದಲ್ಲಿ ಸರ್ಕಾರದ ಸೇನಾಪತಿಯಾಗಿದ್ದವರು. ಅವರ ಕೈಕೆಳಗೆ ಮ್ಯಾಕ್‌ಬ್ರೈಡ್ ಕಡೆಯವರು ಕುಳಿತಾರೆಯೇ? ಮಲ್ಕಾಹಿ ತಾವೇ ಹಿಂದೆ ಸರಿದು, ವಕೀಲರಾದ ಜಾನ್ ಕಾಸ್ಟೆಲೊ ಅವರಿಗೆ ದಾರಿ ಬಿಟ್ಟರು. ತಮಗೆ ಶಿಕ್ಷಣ ಖಾತೆ ಸಾಕೆಂದರು. ಫೆಬ್ರವರಿ 18ರಂದು ಡಾಯಿಲ್ ಕಾಸ್ಟೆಲೊ ಅವರನ್ನು ಪ್ರಧಾನಿಯನ್ನಾಗಿ ಆರಿಸಿತು. ಆಗ ಡಿ ವೆಲೆರಾ ಅವರಿಗೆ 65 ವರ್ಷ. ಸೈನ್ಯ, ಪೊಲೀಸು, ಹದಿನಾರು ವರ್ಷಗಳಲ್ಲಿ ಬೇರೂರಿದ ಅಧಿಕಾರ, ಸಭೆಯಲ್ಲಿ ಎಲ್ಲರಿಗಿಂತ ದೊಡ್ಡ ಪಕ್ಷ, ಎಲ್ಲವೂ ಅವರ ಕಡೆಗಿತ್ತು. 1922ರಲ್ಲಿ ಏಳು ಮತಗಳನ್ನು ಒಪ್ಪದವರು 1948ರಲ್ಲಿ ಆರು ಸ್ಥಾನಗಳ ಕೊರತೆಯನ್ನು ಒಪ್ಪಿ, ಎದ್ದು ಎದುರು ಸಾಲಿಗೆ ಹೋದರು. ಯಾರೂ ಜೇಬಿನಲ್ಲಿ ಪಿಸ್ತೂಲು ತಂದಿರಲಿಲ್ಲ.

ಸೋಲಿನ ನಂತರ

ಬಿಡುವಾದ ಡಿ ವೆಲೆರಾ ದೇಶವಿಭಜನೆಯ ವಿರುದ್ಧ ಪ್ರಚಾರಕ್ಕೆಂದು ಅಮೆರಿಕ, ಆಸ್ಟ್ರೇಲಿಯಗಳನ್ನು ಸುತ್ತಿ, 1948ರ ಜೂನಿನಲ್ಲಿ ಭಾರತಕ್ಕೂ ಬಂದರು. ದೆಹಲಿಯಲ್ಲಿ ನೆಹರೂ ಅವರನ್ನೂ, ಹೊರಡಲು ಸಿದ್ಧರಾಗಿದ್ದ ಮೌಂಟ್‌ಬ್ಯಾಟನ್ ಅವರನ್ನೂ ಕಂಡರು. ವಿಭಜನೆಯ ಗಾಯ ಹಸಿಯಾಗಿದ್ದ ನೆಲವದು.

ಅತ್ತ ಅವರನ್ನು ಸೋಲಿಸಿದವರು, ಅವರು ಬಾಳೆಲ್ಲ ಬಯಸಿದ್ದ ಕೆಲಸವೊಂದನ್ನು ಪೂರೈಸಿದರು. ಕಾಸ್ಟೆಲೊ ಸರ್ಕಾರದ ಕಾನೂನಿನಂತೆ 1949ರ ಏಪ್ರಿಲ್ 18ರಂದು ಐರ್ಲೆಂಡು ಗಣರಾಜ್ಯವೆಂದು ಘೋಷಿತವಾಗಿ ಕಾಮನ್‌ವೆಲ್ತನ್ನು ಬಿಟ್ಟಿತು. ಅದೇ ತಿಂಗಳ ಕೊನೆಯಲ್ಲಿ ಭಾರತ ಗಣರಾಜ್ಯವಾದರೂ ಕಾಮನ್‌ವೆಲ್ತಿನಲ್ಲಿ ಉಳಿಯುವ ಒಪ್ಪಂದವಾಯಿತು.

1951ರಲ್ಲಿ ಡಿ ವೆಲೆರಾ ಮತ್ತೆ ಪ್ರಧಾನಿಯಾದರು. 1954ರಲ್ಲಿ ಮತ್ತೆ ಸೋತರು, 1957ರಲ್ಲಿ 78 ಸ್ಥಾನಗಳೊಡನೆ ಮತ್ತೆ ಗೆದ್ದರು. ಕಣ್ಣುಗಳು ಮಾತ್ರ ಮಂಜಾಗುತ್ತ ಬಂದವು. ದೇಶದ ಸ್ಥಿತಿಯೂ ಚೆನ್ನಾಗಿರಲಿಲ್ಲ. 1951ರಿಂದ 1961ರವರೆಗಿನ ಹತ್ತು ವರ್ಷಗಳಲ್ಲಿ ಸುಮಾರು 4 ಲಕ್ಷ ಜನ ಕೆಲಸ ಹುಡುಕಿ ದೇಶ ಬಿಟ್ಟರು. ತಾಯಿ ದುಡಿಮೆಗಾಗಿ ಕಡಲು ದಾಟಿದ್ದರಿಂದ ಅಜ್ಜಿಯ ಮನೆಯಲ್ಲಿ ಬೆಳೆದ ನಾಯಕರಿಗೆ ಆ ಹರಿವನ್ನು ತಡೆಯಲಾಗಲಿಲ್ಲ. ಐರಿಷ್ ನುಡಿಯನ್ನು ಸಂವಿಧಾನದಲ್ಲಿ ಮೊದಲನೆಯ ಆಡಳಿತ ಭಾಷೆಯೆಂದು ಬರೆದರೂ ಅದನ್ನು ಎಲ್ಲರ ಮನೆಮಾತಾಗಿಸಲೂ ಆಗಲಿಲ್ಲ.

1959ರ ಜೂನ್ 17ರಂದು ವಿಚಿತ್ರವೊಂದು ನಡೆಯಿತು. ಡಿ ವೆಲೆರಾ ರಾಷ್ಟ್ರಾಧ್ಯಕ್ಷ ಪದವಿಗೆ ನಿಂತರು. ಅದೇ ದಿನ ಓಟಿನ ಪದ್ಧತಿಯನ್ನು ಬದಲಿಸಿ ಇಂಗ್ಲಿಷ್ ಪದ್ಧತಿ ತರುವ ಪ್ರಶ್ನೆಯನ್ನೂ ಅವರ ಸರ್ಕಾರ ಜನರ ಮುಂದಿಟ್ಟಿತು. ನರಸಿಂಗರಾಯರೊಡನೆ ಆಡಿದ್ದ ಮಾತು ಇಷ್ಟು ವರ್ಷಗಳ ಮೇಲೆ ಕಾರ್ಯರೂಪಕ್ಕೆ ಬಂದಿತ್ತು. ಅದೇ ಮತದಾರರು ನೂರಕ್ಕೆ 56ರಂತೆ ಡಿ ವೆಲೆರಾ ಅವರನ್ನು ಆರಿಸಿದರು, ನೂರಕ್ಕೆ 51.8ರಂತೆ ಅವರ ಸಲಹೆಯನ್ನು ತಿರಸ್ಕರಿಸಿದರು. ನೀವು ನಮಗೆ ಬೇಕು, ಆದರೆ ನಮ್ಮ ಕೈಯ ಪೆನ್ಸಿಲನ್ನು ನಿಮಗೆ ಕೊಡಲಾರೆವು ಎಂದಂತಾಯಿತು. ಡಿ ವೆಲೆರಾ ಗೆಲುವು ಸೋಲು ಎರಡನ್ನೂ ಒಟ್ಟಿಗೆ ಸ್ವೀಕರಿಸಿದರು. ಆ ಪದ್ಧತಿ ಐರ್ಲೆಂಡಿನಲ್ಲಿ ಇಂದಿಗೂ ನಡೆದಿದೆ.

ಹದಿನಾಲ್ಕು ವರ್ಷ ರಾಷ್ಟ್ರಾಧ್ಯಕ್ಷರಾಗಿದ್ದು, 1973ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ ಅವರು ನಿವೃತ್ತರಾದರು. 1975ರ ಜನವರಿಯಲ್ಲಿ ಪತ್ನಿ ಶಿನೇಡ್ ತೀರಿಕೊಂಡರು. ಅದೇ ಆಗಸ್ಟ್ 29ರಂದು ಡಿ ವೆಲೆರಾ ಅವರೂ ಕಣ್ಣು ಮುಚ್ಚಿದರು.

ಅವರ ತಪ್ಪುಗಳು ಸಣ್ಣವಲ್ಲ, ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಆದರೆ ಬಂದೂಕಿನಿಂದ ಹೊರಟು ಓಟಿನ ಚೀಟಿಗೆ ಬಂದು ನಿಂತ ಬಾಳು ಅದು. ಗೆದ್ದವರಿಗೆ ಅಧಿಕಾರವನ್ನು ಕಾಸ್‌ಗ್ರೇವ್ ಒಮ್ಮೆ ಬಿಟ್ಟುಕೊಟ್ಟರು, ಡಿ ವೆಲೆರಾ ಎರಡು ಸಲ ಬಿಟ್ಟುಕೊಟ್ಟರು. ಆ ದೇಶದ ಪ್ರಜಾಪ್ರಭುತ್ವ ಬೇರೂರಿದುದು ಹೀಗೆ. ದೊಡ್ಡ ದೇಶಗಳಿಗೆ ಮಾತ್ರವಲ್ಲ, ನಮ್ಮ ಸಂಘಗಳಂಥ ಪುಟ್ಟ ಸಭೆಗಳಿಗೂ ಇದು ಅನ್ವಯಿಸುತ್ತದೆ. ಕಾರ್ಯಕಾರಿ ಸಮಿತಿಯ ಚುನಾವಣೆಯಲ್ಲಿ ಸೋತವರು ರಾಜ್ಯೋತ್ಸವದ ದಿನ ಎಲ್ಲರಿಗಿಂತ ಮೊದಲೇ ಬಂದು ಜಮಖಾನೆ ಹಾಸುವುದನ್ನು ನಾವು ಕಂಡಿದ್ದೇವೆ. ಸಂಘಗಳು ಬಾಳಿಕೊಂಡು ಬಂದಿರುವುದು ಅಂಥವರಿಂದಲೇ.